ಬರೀ ಹಗ್ಗ ಸುತ್ತಿಕೊಡುವುದನ್ನು ನಿಲ್ಲಿಸುತ್ತಿರುವ ಬಗ್ಗೆ

ಮಾನ್ಯ ಗ್ರಾಹಕರೇ,

ಸಿಕ್ಕಿಬಿದ್ದ ಗಾಡಿ ಎಳೆಯಲು ಗಾಡಿಗೆ ಕೂರಿಸುವ ವಿಂಚಿನ ಸ್ಟೀಲ್ ರೋಪ್ ತೆಗೆದು ಅದರ ಜಾಗಕ್ಕೆ ಬರೀ ಸಿಂಥೆಟಿಕ್ ಹಗ್ಗ ಸುತ್ತಿಕೊಡುವ ಕೆಲಸವನ್ನು ಮುಂದಿನ ತಿಂಗಳ ಒಂದನೇ ತಾರೀಖಿನಿಂದ ನಮ್ಮ ವರ್ಕ್‌ಶಾಪ್‌ನಲ್ಲಿ ನಿಲ್ಲಿಸುತ್ತಿದ್ದೇವೆ. ಫೇರ್‌ಲೀಡ್ (ಹಗ್ಗ ಹೊರಬರುವ ಬಾಯಿ), ಡ್ರಮ್ಮು (ಹಗ್ಗ ಸುತ್ತಿಕೊಳ್ಳುವ ಉರುಳೆ), ಕೊಕ್ಕೆಯ ತುದಿ ಈ ಮೂರನ್ನೂ ನಾವು ನೋಡಿ, ಹಗ್ಗಕ್ಕೆ ಹೊಂದದಿದ್ದುದನ್ನು ಬದಲಿಸಲು ನೀವು ಒಪ್ಪಿದರೆ ಮಾತ್ರ ಹಗ್ಗ ಹಾಕುತ್ತೇವೆ. ಹಗ್ಗ ನಮ್ಮಲ್ಲಿ ಕೊಂಡದ್ದಾದರೂ ನೀವೇ ತರಿಸಿದ್ದಾದರೂ ಇದರಲ್ಲಿ ಬದಲಾವಣೆಯಿಲ್ಲ. ಕೌಂಟರಿನಲ್ಲಿ ಒಬ್ಬೊಬ್ಬರಿಗೆ ಹೇಳುವಾಗ ಮಾತಿಗೆ ಮಾತು ಬೆಳೆಯುತ್ತಿರುವುದರಿಂದ ಬರೆದೇ ತಿಳಿಸುತ್ತಿದ್ದೇವೆ.

ಮೊದಲು ನಮ್ಮ ತಪ್ಪನ್ನು ಹೇಳಿಬಿಡುತ್ತೇವೆ. ಕಳೆದ ವರ್ಷ ಆರಿದ್ರೆ ಮಳೆ ಹಿಡಿದಿದ್ದ ವಾರ, ನಮ್ಮ ಹಳೆಯ ಗ್ರಾಹಕರಾದ ತೋಟದ ಮಾಲೀಕರೊಬ್ಬರ ಜೀಪಿಗೆ ಹೊಸ ಹಗ್ಗ ಸುತ್ತಿ, ಹಳೆಯ ರೋಲರ್ ಫೇರ್‌ಲೀಡನ್ನು ಹಾಗೆಯೇ ಬಿಟ್ಟೆವು. ಅವರು ಖರ್ಚು ಬೇಡವೆಂದರು, ನಾವು ಹೂಂ ಅಂದೆವು. ಹನ್ನೊಂದನೆಯ ದಿನ, ಕೆಸರಿನಲ್ಲಿ ಹೂತಿದ್ದ ಪಿಕಪ್ಪನ್ನು ಓರೆಯಿಂದ ಎಳೆಯುವಾಗ ಹಗ್ಗ ತುಂಡಾಯಿತು. ಪುಣ್ಯಕ್ಕೆ ಯಾರಿಗೂ ಏಟಾಗಲಿಲ್ಲ. ಆ ತುಂಡು ಈಗಲೂ ನಮ್ಮ ಕೌಂಟರಿನ ಮೇಲಿದೆ. ತುಂಡಾದಲ್ಲಿಂದ ಎರಡು ಗೇಣಿನಷ್ಟು ಉದ್ದಕ್ಕೆ ಒಂದೇ ಮಗ್ಗುಲಿನ ಎಳೆಗಳು ಬೂರುಗದ ಹತ್ತಿಯಂತೆ ಕೆದರಿವೆ, ಇನ್ನೊಂದು ಮಗ್ಗುಲು ಹೊಸದರಂತೆಯೇ ಇದೆ. ಪಕ್ಕದಲ್ಲೇ ಇಟ್ಟಿರುವ ಆ ರೋಲರಿನ ಮೇಲೆ ಹೆಬ್ಬೆರಳಿನ ಉಗುರು ಆಡಿಸಿ ನೋಡಿ: ಸ್ಟೀಲ್ ರೋಪ್ ವರ್ಷಗಟ್ಟಲೆ ಕೊರೆದ ಗೀರುಗಳು ತುರಿಮಣೆಯ ಹಲ್ಲಿನ ಹಾಗೆ ಉಗುರಿಗೆ ಸಿಕ್ಕಿಕೊಳ್ಳುತ್ತವೆ. ಅವರ ಹಗ್ಗವನ್ನು ನಮ್ಮ ಖರ್ಚಿನಲ್ಲೇ ಬದಲಿಸಿಕೊಟ್ಟು ಕ್ಷಮೆ ಕೇಳಿದ್ದೇವೆ. ಅದೇ ರೀತಿ ಹಗ್ಗ ಹಾಕಿಸಿಕೊಂಡು ಹೋದವರು ನಿಮ್ಮಲ್ಲಿ ಇನ್ನೂ ಕೆಲವರು ಇರುವುದರಿಂದ ನಿಮ್ಮಲ್ಲಿಯೂ ಕೇಳುತ್ತಿದ್ದೇವೆ. ಆದರೆ ನಾವು ಕಳಪೆ ಹಗ್ಗ ಮಾರಿದೆವೆಂದು ಆಮೇಲೆ ಹಬ್ಬಿದ ಮಾತನ್ನು ಮಾತ್ರ ಒಪ್ಪುವುದಿಲ್ಲ.

ಈಚೆಗೆ ಅತಿ ಹೆಚ್ಚು ಕೇಳಿಬರುತ್ತಿರುವ ದೂರು, “ಹಗ್ಗ ಬದಲಿಸಲು ಹೋದರೆ ಅರ್ಧ ವಿಂಚನ್ನೇ ಬದಲಿಸುತ್ತಾರೆ” ಎಂಬುದು. ಇದಕ್ಕೆ ಸ್ವಲ್ಪ ವಿವರವಾಗಿಯೇ ಉತ್ತರಿಸಬೇಕಾಗಿದೆ.

ಒಂಬತ್ತೂವರೆ ಮಿಲಿಮೀಟರ್ ದಪ್ಪದ 30 ಮೀಟರ್ ಸ್ಟೀಲ್ ರೋಪ್ ಹತ್ತು ಕಿಲೋ ದಾಟುತ್ತದೆ. ಅಷ್ಟೇ ದಪ್ಪದ ಸಿಂಥೆಟಿಕ್ ಹಗ್ಗ ಎರಡು ಕಿಲೋದೊಳಗೇ ಇದ್ದು ಬಲದಲ್ಲಿ ಅದಕ್ಕೇನೂ ಕಡಿಮೆಯಿಲ್ಲ. ಆದರೆ ಸ್ಟೀಲ್ ಸಹಿಸಿಕೊಳ್ಳುವ ಎರಡು ಸಂಗತಿಗಳನ್ನು ಇದು ಸಹಿಸುವುದಿಲ್ಲ, ಒಂದು ಚೂಪಾದ ಅಂಚು, ಇನ್ನೊಂದು ಬಿಸಿ. ಹಳೆಯ ರೋಲರಿನಲ್ಲಿ ಗೀರುಗಳಿರುವುದಲ್ಲದೆ, ನಿಂತ ರೋಲರೂ ಅಡ್ಡ ರೋಲರೂ ಸೇರುವ ಮೂಲೆಯಲ್ಲಿ ಸಂದು ಇರುತ್ತದೆ. ಓರೆಯಾಗಿ ಎಳೆದಾಗ ಮೆತ್ತನೆಯ ಹಗ್ಗ ಆ ಸಂದಿಗೆ ಹೋಗಿ ಸಿಕ್ಕಿ ಜಜ್ಜಿಹೋಗುತ್ತದೆ. ಸ್ಟೀಲನ್ನು ಒಮ್ಮೆಯೂ ಕಾಣದ, ಮೂಲೆಗಳು ಬಿಗಿಯಾಗಿರುವ ಹೊಸ ರೋಲರ್ ನಿಮ್ಮಲ್ಲಿದ್ದರೆ ಅದನ್ನೇ ಇಟ್ಟುಕೊಳ್ಳಿ, ನಾವು ಬೇಡವೆನ್ನುವುದಿಲ್ಲ. ಉಳಿದವರಿಗೆ ರೋಲರಿಲ್ಲದೆ ಒಂದೇ ತುಂಡಿನಲ್ಲಿ ಬಾಯಿ ಇರುವ ಅಲ್ಯೂಮಿನಿಯಂ ಹಾಸ್ ಫೇರ್‌ಲೀಡೇ ಸರಿ, ಅದರಲ್ಲೂ ಬಾಯಂಚು ದಪ್ಪವಾಗಿ ದುಂಡಗೆ ಇರುವುದು. ತೆಳು ಅಂಚಿನ ಅಗ್ಗದ ಹಾಸ್ ಮೇಲೆ ಹಗ್ಗ ಚೂಪಾಗಿ ಬಾಗುವುದರಿಂದ ಅದನ್ನು ನಾವು ಹಾಕಿಕೊಡುವುದಿಲ್ಲ. ಮುಂದೆ ಮತ್ತೆ ಸ್ಟೀಲಿಗೆ ಮರಳುವುದಾದರೆ ಅಲ್ಯೂಮಿನಿಯಂ ಹಾಸ್ ಕಳಚಿಸಿ, ಸ್ಟೀಲ್ ರೋಪ್ ಅದನ್ನು ಕೊರೆದುಹಾಕುತ್ತದೆ.

ಬಿಸಿಯ ವಿಷಯ ಹಗ್ಗ ಮಾರುವವರು ಸಾಮಾನ್ಯವಾಗಿ ಹೇಳದೇ ಬಿಡುವಂಥದ್ದು. ಈ ಹಗ್ಗದ ನಾರು ಸುಮಾರು 145 ಡಿಗ್ರಿಯಲ್ಲಿ ಕರಗುತ್ತದೆ, 70 ಡಿಗ್ರಿ ದಾಟಿದರೆ ಆಗಲೇ ಬಲ ಕಳೆದುಕೊಳ್ಳತೊಡಗುತ್ತದೆ. ಬಹಳಷ್ಟು ವಿಂಚುಗಳಲ್ಲಿ ಬ್ರೇಕ್ ಇರುವುದು ಡ್ರಮ್ಮಿನ ಒಳಗೇ. ಇಳಿಜಾರಿನಲ್ಲಿ ಗಾಡಿಯ ಭಾರವನ್ನು ಹಗ್ಗದ ಮೇಲೆ ಬಿಟ್ಟು ಮೋಟಾರಿನಿಂದ ನಿಧಾನವಾಗಿ ಇಳಿಸುತ್ತಾ ಹೋದರೆ ಆ ಬ್ರೇಕ್ ಉಜ್ಜಿ ಡ್ರಮ್ ಕಾಯುತ್ತದೆ, ಅದಕ್ಕೆ ಅಂಟಿಕೊಂಡಿರುವ ಮೊದಲ ಪದರದ ಹಗ್ಗ ಮೇಣ ಹಚ್ಚಿದಂತೆ ಹೊಳೆದು ಗಟ್ಟಿಯಾಗುತ್ತದೆ. ಮೇಲಿನಿಂದ ನೋಡಿದವರಿಗೆ ಏನೂ ಕಾಣುವುದಿಲ್ಲ. ಅಂಥ ವಿಂಚುಗಳಿಗೆ ಮೊದಲ ಪದರದ ಮೇಲೆ ಬಿಸಿ ತಡೆಯುವ ತೋಳು (ಸ್ಲೀವ್) ಹಾಕುತ್ತೇವೆ. ಹಾಕಿದ ಮೇಲೂ ಬಹಳ ಹೊತ್ತು ಹಾಗೆ ಇಳಿಸಬೇಡಿ. ಬ್ರೇಕ್ ಡ್ರಮ್ಮಿನ ಹೊರಗಿರುವ ವಿಂಚುಗಳಿಗೂ ಗೇರೇ ಭಾರ ಹಿಡಿದು ನಿಲ್ಲಿಸುವ ವರ್ಮ್ ಗೇರ್ ವಿಂಚುಗಳಿಗೂ ಈ ತೊಂದರೆ ಇಲ್ಲದಿರುವುದರಿಂದ ಅಂಥ ವಿಂಚಿನವರಿಂದ ತೋಳಿನ ದುಡ್ಡು ತೆಗೆದುಕೊಳ್ಳುವುದಿಲ್ಲ.

ಇನ್ನು ದುಡ್ಡಿನ ಮಾತು. ಹಾಸ್ ಫೇರ್‌ಲೀಡಿಗೆ ನಾವು ತೆಗೆದುಕೊಳ್ಳುವ 3,400 ರೂಪಾಯಿಯಲ್ಲಿ ನಮಗೆ ಉಳಿಯುವುದು 300 ಚಿಲ್ಲರೆ. ಅದು ಹೊರದೇಶದ ಸರಕು, ಬಿಲ್ಲು ಡಾಲರಿನಲ್ಲಿ ಬರುತ್ತದೆ, ಕಸ್ಟಮ್ಸ್ ಸುಂಕ ಬೇರೆ, ಒಂದು ಪೆಟ್ಟಿಗೆಗೆ ಕಡಿಮೆ ಕೊಡುವುದಿಲ್ಲವಾದ್ದರಿಂದ ಆರು ತಿಂಗಳ ಮಾಲಿನ ದುಡ್ಡು ಮೊದಲೇ ಹೂಡಿ ಕೂರಬೇಕು. ಬೋಲ್ಟುಗಳ ನಡುವಿನ ಅಂತರ ಸಾಮಾನ್ಯವಾಗಿ 254 ಮಿಲಿಮೀಟರ್, ಅಂದರೆ ಹತ್ತು ಇಂಚು. ನಮ್ಮ ಕಡೆ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ ಬಂಪರುಗಳಲ್ಲಿ ಅದು ಒಂಬತ್ತೂ ಆಗಿರುತ್ತದೆ, ಹತ್ತೂ ಮುಕ್ಕಾಲೂ ಆಗಿರುತ್ತದೆ. ಆಗ ಪ್ಲೇಟ್ ಕತ್ತರಿಸಿ ತೂತು ಕೊರೆಯುವವರೂ ನಾವೇ. ಸ್ಟೀಲ್ ರೋಪ್ ಎಬ್ಬಿಸಿದ ಮುಳ್ಳುಗಳು ಹೋಗುವವರೆಗೆ ಡ್ರಮ್ಮನ್ನು ಎಮರಿ ಕಾಗದದಿಂದ ಉಜ್ಜಲು ಎರಡು ತಾಸು ಬೇಕಾಗುತ್ತದೆ, ಅದಕ್ಕೆ 600 ರೂಪಾಯಿ ಹಾಕುತ್ತೇವೆ. “ಹಗ್ಗ ಸುತ್ತುವುದಕ್ಕೂ ದುಡ್ಡಾ?” ಎಂದು ಕೇಳುವವರು ಒಂದು ದಿನ ಹಿತ್ತಲಿಗೆ ಬಂದು ನೋಡಬೇಕು. ಹಗ್ಗದ ತುದಿಯನ್ನು ಹಲಸಿನ ಮರದ ಬುಡಕ್ಕೆ ಪಟ್ಟಿ ಸುತ್ತಿ ಕಟ್ಟಿ, ಗಾಡಿಯನ್ನು ನ್ಯೂಟ್ರಲ್‌ನಲ್ಲಿಟ್ಟು, ಒಬ್ಬ ಬ್ರೇಕನ್ನು ಹಗುರವಾಗಿ ಹಿಡಿದು, ಇನ್ನೊಬ್ಬ ರಿಮೋಟ್ ಒತ್ತುತ್ತಾ ಬಿಗಿಯಾಗಿ ಪದರ ಪದರ ಸುತ್ತಬೇಕು. ಸಡಿಲ ಸುತ್ತಿದರೆ ಮೊದಲ ಎಳೆತಕ್ಕೇ ಮೇಲಿನ ಸುತ್ತು ಕೆಳಗಿನದರೊಳಗೆ ಹೂತುಕೊಂಡು, ಬಿಚ್ಚಲು ಅರ್ಧ ದಿನ ಹೋಗುತ್ತದೆ.

ತುದಿಯ ವಿಷಯ ಚಿಕ್ಕದು. ಕೊಕ್ಕೆ ಸೇರುವ ಹಗ್ಗದ ಕಣ್ಣಿನೊಳಗೆ ಥಿಂಬಲ್, ಅಂದರೆ ಹಗ್ಗ ಸವೆಯದಂತೆ ಕಾಯುವ ಲೋಹದ ಬಳೆ, ಇರಲೇಬೇಕು. ಹರಿದ ಹಗ್ಗಕ್ಕೆ ಗಂಟು ಹಾಕಿ ಓಡಿಸಬೇಡಿ, ಗಂಟಿನಲ್ಲಿ ಬಲ ಅರ್ಧದಷ್ಟು ಹೋಗುತ್ತದೆ; ನಮ್ಮಲ್ಲಿಗೆ ತಂದರೆ ಹೆಣೆದು ಸೇರಿಸಿಕೊಡುತ್ತೇವೆ, ಅದಕ್ಕೆ ಎಂದೂ ದುಡ್ಡು ಕೇಳಿಲ್ಲ, ಇನ್ನು ಮುಂದೆಯೂ ಕೇಳುವುದಿಲ್ಲ. ಸ್ಟೀಲಿಗೆ ಬಳಸಿದ ಸ್ನ್ಯಾಚ್ ಬ್ಲಾಕನ್ನು (ಹಗ್ಗ ಹಾಯಿಸುವ ರಾಟೆಯನ್ನು) ಇದಕ್ಕೆ ಬಳಸಬೇಡಿ. ಡ್ರಮ್ಮಿನ ಮೇಲೆ ಸ್ಟೀಲ್ ಆದರೆ ಐದು ಸುತ್ತು ಉಳಿದಿದ್ದರೆ ಸಾಕಿತ್ತು. ಈ ಹಗ್ಗ ಜಾರುವುದರಿಂದ ಹತ್ತು ಸುತ್ತು ಬಿಡಿ. ಅಳತೆ ತಪ್ಪದಿರಲೆಂದು ಅಲ್ಲಿಗೆ ಕೆಂಪು ಬಣ್ಣ ಹಚ್ಚಿಕೊಡುತ್ತೇವೆ.

ಕಲ್ಲಿನ ಮೇಲೆ ಮರದ ದಿಮ್ಮಿ ಎಳೆಯುವುದೇ ಮುಖ್ಯ ಕೆಲಸವಾಗಿರುವ ತೋಟದವರು ಸ್ಟೀಲ್ ರೋಪನ್ನೇ ಇಟ್ಟುಕೊಳ್ಳುವುದು ಒಳ್ಳೆಯದು. ಹೀಗೆ ಹೇಳುವುದರಿಂದ ನಮಗೆ ವ್ಯಾಪಾರ ಕಡಿಮೆಯೇ ಆಗುತ್ತದೆ. ಆದರೂ ಬಂದವರಿಗೆಲ್ಲ ಹೇಳುತ್ತಲೇ ಬಂದಿದ್ದೇವೆ.

ನಮ್ಮಲ್ಲಿ ಈಗಾಗಲೇ ಬರೀ ಹಗ್ಗ ಹಾಕಿಸಿಕೊಂಡವರು ಮಳೆ ಶುರುವಾಗುವ ಮೊದಲು ಒಮ್ಮೆ ಗಾಡಿ ತನ್ನಿ. ಹಗ್ಗವನ್ನು ಪೂರ್ತಿ ಬಿಚ್ಚಿ ಮೊದಲ ಪದರದವರೆಗೂ ನೋಡಿಕೊಡಲು ದುಡ್ಡಿಲ್ಲ, ಹಾಸ್ ಬೇಕಾದವರಿಗೆ ನಮಗೆ ಬಿದ್ದ ಬೆಲೆಗೇ ಕೊಡುತ್ತೇವೆ. ಬೆಳಿಗ್ಗೆ ಹತ್ತರೊಳಗೆ ಬಂದರೆ ಸಂಜೆಗೆ ಗಾಡಿ ಸಿಗುತ್ತದೆ. ವಿಂಚಿನ ರಿಮೋಟನ್ನು ಮಾತ್ರ ಮನೆಯಲ್ಲಿ ಬಿಟ್ಟು ಬರಬೇಡಿ.

ನಿಮ್ಮ ವಿಶ್ವಾಸಿಗಳು,
ವರ್ಕ್‌ಶಾಪ್‌ನ ಎಲ್ಲರ ಪರವಾಗಿ,
ಸಕಲೇಶಪುರ