ರಾತ್ರಿ ಎರಡು ಗಂಟೆಗೆ ಏಳಬೇಡ ಪುಟ್ಟಿ

ಹಾಸನ
ಭಾನುವಾರ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದ.

ಮನೆ ಸುದ್ದಿ, ತೋಟದ ಸುದ್ದಿ ಎಲ್ಲ ನಿಮ್ಮಪ್ಪ ಫೋನಿನಲ್ಲಿ ಹೇಳಿದ್ದಾನೆ, ಅದನ್ನು ಬಿಡುತ್ತೇನೆ. ನಿನ್ನ ಆನ್‌ಲೈನ್ ಅಂಗಡಿಯ ಬಗ್ಗೆ ಕಾಗದದ ಕೊನೆಯಲ್ಲಿ ಒಂದು ಸಾಲಿದೆ: ‘ರಾತ್ರಿ ಎರಡು ಗಂಟೆಗೆ ಎಚ್ಚರವಾಗುತ್ತೆ ದೊಡ್ಡಪ್ಪ, ವೆಬ್‌ಸೈಟ್ ಬಿದ್ದಿರಬಹುದು ಅಂತ ಹೆದರಿಕೆ, ಫೋನಿನಲ್ಲಿ ತೆಗೆದು ನೋಡಿಯೇ ಮಲಗೋದು.’ ಅದನ್ನು ಓದಿದ ಮೇಲೆ ನನಗೆ ಸಮಾಧಾನವಿಲ್ಲ.

ಎದ್ದು ನೋಡಿದರೂ ನಿನಗೆ ನಿಜ ಗೊತ್ತಾಗುವುದಿಲ್ಲ, ಅದೇ ನನ್ನ ಸಂಕಟ. ನಿನ್ನ ಫೋನಿಗೆ ಬರುವ ಮುಖಪುಟ ಬಹಳ ಸಲ ಕ್ಯಾಶ್‌ನಲ್ಲಿ, ಅಂದರೆ ಬೇಗ ತೋರಿಸಲೆಂದು ಪುಟದ ಪ್ರತಿ ಇಟ್ಟುಕೊಳ್ಳುವ ಜಾಗದಲ್ಲಿ, ಉಳಿದ ಹಳೇ ಪ್ರತಿ. ಅದರ ಬೆನ್ನಿಗಿರುವ, ಸರಕು ಆರ್ಡರುಗಳ ಲೆಕ್ಕ ಇಡುವ ಡೇಟಾಬೇಸ್ ಸತ್ತು ಬಿದ್ದಿದ್ದರೂ ಕಾಫಿಪುಡಿ, ಮೆಣಸು, ಏಲಕ್ಕಿಯ ಚಿತ್ರಗಳು ಚೆನ್ನಾಗಿಯೇ ಕಾಣುತ್ತವೆ. ಕಾರ್ಟ್ ಮತ್ತು ಚೆಕ್‌ಔಟ್ ಪುಟಗಳು ಒಬ್ಬೊಬ್ಬ ಗಿರಾಕಿಗೂ ಬೇರೆ ಬೇರೆ, ಅವನ್ನು ಕ್ಯಾಶ್ ಮಾಡುವ ಹಾಗಿಲ್ಲ. ಮೊದಲು ನಿಲ್ಲುವುದೂ ಅವೇ. ಇನ್ನು ಆಷಾಢದ ಮಳೆಯಲ್ಲಿ ಮೂಡಿಗೆರೆ ಕಡೆ ಮರ ಬಿದ್ದು ಫೈಬರ್ ಹರಿದಿದ್ದರೆ ಸರಿಯಿರುವ ಸೈಟೂ ನಿನಗೆ ತೆರೆಯುವುದಿಲ್ಲ. ಹಾಗಾಗಿ ಆ ಎರಡು ಗಂಟೆಯ ನೋಟದಿಂದ ಹೋಗುವುದು ನಿದ್ದೆ ಮಾತ್ರ.

ಕಾಯುವ ಕೆಲಸ ಯಂತ್ರಕ್ಕೆ ಬಿಡು. ಸೈಟ್ ಮಾಡಿಕೊಟ್ಟ ಹುಡುಗನಿಗೆ ಹೇಳಿ ಒಂದು ಸಣ್ಣ ಪುಟ ಮಾಡಿಸು. ತೆರೆದಾಗಲೆಲ್ಲ ಡೇಟಾಬೇಸಿಗೆ ಒಂದು ಪ್ರಶ್ನೆ ಕೇಳಿ, ಉತ್ತರ ಬಂದರೆ ಮಾತ್ರ ‘ಸರಿಯಿದೆ’ ಎಂದು ಬರೆಯಬೇಕು, ಕ್ಯಾಶ್ ಆಗಬಾರದು. ಮಾನಿಟರ್, ಅಂದರೆ ಸೈಟನ್ನು ಹೊರಗಿನಿಂದ ಕಾಯುವ ತಂತ್ರಾಂಶ, ನಿಮಿಷಕ್ಕೊಮ್ಮೆ ಆ ಪುಟ ತೆರೆದು, ‘ಪುಟ ಸಿಕ್ಕಿತು’ ಎನ್ನುವ 200 ಕೋಡ್ ಬಂತೇ ಎಂದಷ್ಟೇ ನೋಡದೆ, ಆ ಪದ ಇದೆಯೇ ಎಂದೂ ನೋಡಲಿ. ಖಾಲಿ ಬಿಳಿ ಪುಟವೂ ಕೆಲವು ಸಲ 200 ಎಂದೇ ಹೇಳುತ್ತದೆ. ಒಂದು ಸಲ ತಪ್ಪಿದ ಕೂಡಲೇ ಕೂಗುವುದು ಬೇಡ. ಸತತ ಎರಡು ಸಲ, ಎರಡು ಬೇರೆ ಊರಿನಿಂದ ತಪ್ಪಿದರೆ ಕೂಗಲಿ. ಅವುಗಳಲ್ಲಿ ಒಂದು ಮುಂಬೈ ಆಗಿರಲಿ, ನಿನ್ನ ಗಿರಾಕಿಗಳೆಲ್ಲ ಈ ದೇಶದವರು. ಅಪ್‌ಟೈಮ್ ಕುಮಾ ಎಂಬ ಮಾನಿಟರ್ ತಂತ್ರಾಂಶ ಉಚಿತ, ಅದೂ ಆದೀತು, ಅದು ಕೂತ ಒಂದೇ ಜಾಗದಿಂದ ನೋಡುತ್ತದೆ ಅಷ್ಟೇ. ಆದರೆ ಅದನ್ನು ಅಂಗಡಿಯ ಸರ್ವರ್‌ನಲ್ಲೇ ಕೂರಿಸಿದರೆ ಎರಡೂ ಒಟ್ಟಿಗೆ ಬೀಳುತ್ತವೆ, ಕೂಗುವವರಿಲ್ಲ. ಮನೆಯ ಹಳೇ ಕಂಪ್ಯೂಟರಿನಲ್ಲೂ ಬೇಡ, ಕರೆಂಟು ಹೋದಾಗಲೆಲ್ಲ ಸುಳ್ಳು ಎಚ್ಚರಿಕೆ.

ಒಮ್ಮೆಲೇ ಇಷ್ಟೆಲ್ಲ ಹೇಳಿ ನಿನ್ನ ಹೆದರಿಕೆ ಹೆಚ್ಚಿಸುತ್ತಿದ್ದೇನೋ ಏನೋ. ಬೇಸರ ಮಾಡಿಕೊಳ್ಳಬೇಡ.

ನೌಕರಿಯಲ್ಲಿದ್ದಷ್ಟು ವರ್ಷ ನನ್ನ ತಲೆದಿಂಬಿನ ಪಕ್ಕ ಫೋನ್ ಇರುತ್ತಿತ್ತು. ಸರ್ವರ್‌ನ ಡಿಸ್ಕ್ ಸ್ವಲ್ಪ ತುಂಬಿದರೂ, ಪುಟ ಎರಡು ಸೆಕೆಂಡ್ ತಡವಾದರೂ ಬಡಿದುಕೊಳ್ಳುತ್ತಿತ್ತು. ಕೊನೆಗೆ ಸದ್ದು ಕೇಳಿದರೂ ಕೈ ಹೋಗುತ್ತಿರಲಿಲ್ಲ. ಏನನ್ನು ಕೂಗಿಸಬೇಕು, ಏನನ್ನು ಬಿಡಬೇಕು ಎಂದು ಒಂದು ದಿನ ಕೂತು ವಿಂಗಡಿಸಲಿಲ್ಲವಲ್ಲ ಎಂಬ ಕೊರಗು ಇನ್ನೂ ಇದೆ. ನಿಮ್ಮ ದೊಡ್ಡಮ್ಮನ ನಿದ್ದೆಯೂ ಅದರಲ್ಲೇ ಹೋಯಿತು. ಸಕಲೇಶಪುರ, ಆಲೂರು ಕಡೆ ಕಾಡಾನೆ ಬಂತೆಂದು ಮೊಬೈಲಿಗೆ ಸಂದೇಶ ಬರುತ್ತದಲ್ಲ, ಆನೆಯಿಲ್ಲದ ದಿನವೂ ಅದು ಬಂದರೆ ತೋಟಕ್ಕೆ ಹೊರಟ ಆಳು ಅದನ್ನು ಓದುವುದನ್ನೇ ಬಿಡುತ್ತಾನೆ.

ರಾತ್ರಿ ನಿನ್ನನ್ನು ಎಬ್ಬಿಸುವ ಹಕ್ಕು ಎರಡಕ್ಕೆ ಮಾತ್ರ ಕೊಡು: ಅಂಗಡಿ ತೆರೆಯುತ್ತಿಲ್ಲ, ಅಥವಾ ಹಣ ಬಂದರೂ ಆರ್ಡರ್ ಬರುತ್ತಿಲ್ಲ. ಡಿಸ್ಕ್ 80 ಶೇಕಡಾ ತುಂಬಿದ್ದು ಬೆಳಗಿನ ಮೆಸೇಜಿಗೆ ಸಾಕು. 95 ಮುಟ್ಟಿದರೆ ಇದೊಂದಕ್ಕೆ ವಿನಾಯಿತಿ, ಬೇಕಾದರೆ ಎಬ್ಬಿಸಲಿ. ಸರ್ವರ್ ತನ್ನ ಆಗುಹೋಗು ಬರೆದಿಡುವ ಲಾಗ್ ಫೈಲ್ ಬೆಳೆದು ಜಾಗ ಮುಗಿದರೆ ಡೇಟಾಬೇಸ್ ಬರೆಯುವುದನ್ನೇ ನಿಲ್ಲಿಸುತ್ತದೆ. ಸೈಟಿಗೆ ಸರ್ವರ್ ಬಾಡಿಗೆ ಕೊಡುವ ಹೋಸ್ಟಿಂಗ್‌ನವರು 99.9 ಶೇಕಡಾ ಹೊತ್ತು ತೆರೆದಿರುತ್ತದೆ ಎಂದು ಬರೆದುಕೊಟ್ಟರೂ 30 ದಿನಕ್ಕೆ 43 ನಿಮಿಷ ಬೀಳಬಹುದು ಎಂದೇ ಅರ್ಥ. ಬರೀ 99 ಎಂದರೆ 7 ಗಂಟೆ 12 ನಿಮಿಷ. ಬೀಳುವುದೇ ಇಲ್ಲ ಎಂಬ ಸೈಟ್ ಇಲ್ಲ ಮಗಳೇ.

ಹಣದ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಸೈಟ್ ಬೀಳುವುದಕ್ಕಿಂತ ನನಗೆ ಇದರದ್ದೇ ಯೋಚನೆ. ಗಿರಾಕಿ ಯುಪಿಐ ಆ್ಯಪ್‌ನಲ್ಲಿ ಹಣ ಕಟ್ಟಿ ನಿನ್ನ ಪುಟಕ್ಕೆ ವಾಪಸ್ ಬರದೆ ಹೋಗಬಹುದು. ಆಗ ಹಣ ಪಡೆದು ನಿನಗೆ ಮುಟ್ಟಿಸುವ ಪೇಮೆಂಟ್ ಗೇಟ್‌ವೇ ತಾನೇ ನಿನ್ನ ಸೈಟಿಗೆ ‘ಹಣ ಬಂತು’ ಎಂದು ತಿಳಿಸುತ್ತದೆ. ಅದಕ್ಕೆ ವೆಬ್‌ಹುಕ್ ಎನ್ನುತ್ತಾರೆ. ಸೈಟಿಗೆ ಕಾವಲೆಂದು ಸೇರಿಸಿದ ಸೆಕ್ಯುರಿಟಿ ಪ್ಲಗಿನ್ ಒಂದು ಅಪ್‌ಡೇಟ್ ಆದ ಮೇಲೆ ಆ ಕರೆಯನ್ನು ಪರಕೀಯ ಎಂದುಕೊಂಡು 403, ಅಂದರೆ ‘ಪ್ರವೇಶವಿಲ್ಲ’, ಕೊಟ್ಟು ಅಟ್ಟಿಬಿಟ್ಟರೆ ಆರ್ಡರ್ ‘ಪೆಂಡಿಂಗ್’ ಆಗಿಯೇ ಉಳಿಯುತ್ತದೆ. ನಿನ್ನ ಅಂಗಡಿ ನಡೆಯುವುದು ವೂಕಾಮರ್ಸ್ ತಂತ್ರಾಂಶದಲ್ಲಿ. ಅದರಲ್ಲಿ ಸ್ಟಾಕ್ ಹಿಡಿದಿಡುವ ಅವಧಿ ಬದಲಿಸದಿದ್ದರೆ 60 ನಿಮಿಷ. ಅದು ಮುಗಿದರೆ ಹಣ ಬಾರದ ಆರ್ಡರ್ ಎಂದುಕೊಂಡು ತಾನೇ ರದ್ದು ಮಾಡುತ್ತದೆ. ಗಿರಾಕಿಯ ಹಣ ಹೋಗಿದೆ, ನಿನ್ನ ಪಟ್ಟಿಯಲ್ಲಿ ಆರ್ಡರ್ ಇಲ್ಲ, ಮಾನಿಟರ್ ಮಾತ್ರ ಎಲ್ಲ ಹಸಿರು ತೋರಿಸುತ್ತಿರುತ್ತದೆ. 20 ನಿಮಿಷ ದಾಟಿದ ಪೆಂಡಿಂಗ್ ಆರ್ಡರ್ ಮೂರು ಸೇರಿದರೆ ಕರೆ ಬರುವ ಹಾಗೆ ಮಾಡಿಸು. ದಿನಾ ಬೆಳಿಗ್ಗೆ ಗೇಟ್‌ವೇ ಪಟ್ಟಿಯನ್ನೂ ಆರ್ಡರ್ ಪಟ್ಟಿಯನ್ನೂ ಪಕ್ಕ ಪಕ್ಕ ಇಟ್ಟು ತಾಳೆ ನೋಡು. ಹಗಲು ಹೊತ್ತು ಗಂಟೆಗೊಂದು ಆರ್ಡರ್ ಬರುವ ಅಂಗಡಿಗೆ ನಾಲ್ಕು ಗಂಟೆ ಒಂದೂ ಬರಲಿಲ್ಲವೆಂದರೆ ಅದೂ ಒಂದು ಎಚ್ಚರಿಕೆಯೇ.

ಸೈಟಿನ ಗುರುತು ಖಾತ್ರಿಪಡಿಸುವ ಸರ್ಟಿಫಿಕೇಟ್ ಬಗ್ಗೆ ಕೇಳಿದ್ದೀಯ. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ ಕೊಡುವುದು ಹೆಚ್ಚೆಂದರೆ 90 ದಿನದ್ದು. ಮುಗಿಯುತ್ತಿದೆ ಎಂದು ಅವರು ಕಳಿಸುತ್ತಿದ್ದ ಇಮೇಲ್ 2025ರ ಜೂನ್‌ಗೆ ನಿಂತಿದೆ, ಅದನ್ನು ನಂಬಿ ಕೂರಬೇಡ. ತಾನೇ ನವೀಕರಣವಾದರೂ ವೆಬ್‌ಸರ್ವರ್ ಅದನ್ನು ಮತ್ತೆ ಓದಿಕೊಳ್ಳದೆ ಹಳೆಯದನ್ನೇ ತೋರಿಸುವುದುಂಟು. ಆದ್ದರಿಂದ ಹೊರಗಿನಿಂದ ನೋಡುವ ಮಾನಿಟರಿಗೇ 21 ದಿನ ಮತ್ತು 7 ದಿನ ಉಳಿದಾಗ ಹೇಳು ಎಂದು ಇಡು. ಸೈಟಿನ ವಿಳಾಸವಾದ ಡೊಮೇನ್ ಹೆಸರಿಗೆ ಸಾಧ್ಯವಿದ್ದರೆ ಮೂರು ವರ್ಷದ ಹಣ ಒಮ್ಮೆಲೇ ಕಟ್ಟಿಬಿಡು. 2021ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕಿನ ಹೊಸ ನಿಯಮ ಬಂದ ಮೇಲೆ ಕಾರ್ಡಿನಿಂದ ತಾನೇ ಕಡಿತವಾಗುವುದು ಕೆಲವೆಡೆ, ಅದರಲ್ಲೂ ವಿದೇಶಿ ಕಂಪನಿಗಳಿಗೆ, ಸಾಗುವುದಿಲ್ಲ. ಡೊಮೇನ್ ಕೊಂಡಲ್ಲಿ ಕೊಟ್ಟಿರುವ ಇಮೇಲ್ ಅದೇ ಡೊಮೇನಿನದ್ದಾಗಿರಬಾರದು. ಡೊಮೇನ್ ಹೋದರೆ ಆ ಪೆಟ್ಟಿಗೆಯೂ ಹೋಗುತ್ತದೆ, ಎಚ್ಚರಿಕೆಯ ಪತ್ರ ಬಂದು ಬೀಳುವುದೆಲ್ಲಿ?

ಮತ್ತೆ ಆ ಎರಡು ಗಂಟೆಗೇ ಬರುತ್ತೇನೆ. ನಿಜವಾಗಿ ಕರೆ ಬಂದ ರಾತ್ರಿ ಏನು ಮಾಡಬೇಕೆಂಬುದು ಗೊತ್ತಿದ್ದರೆ ಹೆದರಿಕೆ ಅರ್ಧ ಇಳಿದೀತು. ಮೊದಲು ವೈಫೈ ಆರಿಸಿ ಮೊಬೈಲ್ ಡೇಟಾದಲ್ಲಿ ನೋಡು. ಬಿದ್ದಿರುವುದು ನಿಜವಾದರೆ ಗಂಟೆ ಬರೆದುಕೋ, ಪರದೆಯ ಚಿತ್ರ ತೆಗೆದುಕೋ. 502 ಅಥವಾ 504 ಎಂದಿದ್ದರೆ ಮುಂಬಾಗಿಲಲ್ಲಿ ನಿಂತ ಸರ್ವರ್ ಬದುಕಿದೆ, ಅದರ ಬೆನ್ನಿಗಿರುವ ಪ್ರೋಗ್ರಾಮ್ ಉತ್ತರಿಸುತ್ತಿಲ್ಲ. 500 ಎಂದರೆ ಹೆಚ್ಚಾಗಿ ಆ ದಿನ ಹಾಕಿದ ಪ್ಲಗಿನ್‌ನದ್ದೇ ಕೆಲಸ, ಅದನ್ನು ಹಿಂದಕ್ಕೆ ತೆಗೆ. ರೀಸ್ಟಾರ್ಟ್ ಮಾಡುವ ಮುಂಚೆ ಲಾಗ್ ಒಂದು ಪ್ರತಿ ಉಳಿಸಿಕೋ, ಇಲ್ಲದಿದ್ದರೆ ಕಾರಣವೂ ಅದರ ಜೊತೆ ಹೋಗುತ್ತದೆ. ಕೂಡಲೇ ಸರಿಯಾಗದಿದ್ದರೆ ‘ದುರಸ್ತಿಯಲ್ಲಿದೆ’ ಪುಟವನ್ನು ‘ಸದ್ಯಕ್ಕೆ ಸಿಗುವುದಿಲ್ಲ’ ಎನ್ನುವ 503 ಕೋಡಿನೊಂದಿಗೆ ಹಾಕಿಸು. 200 ಎಂದು ಹಾಕಿದರೆ ಗೂಗಲ್ ಅದನ್ನೇ ನಿನ್ನ ಅಂಗಡಿ ಎಂದುಕೊಳ್ಳುತ್ತದೆ. ನಿಮ್ಮ ತಾತ ಬೆಳಿಗ್ಗೆ ಏಳಕ್ಕೆ ಮಳೆಮಾಪಕ ನೋಡಿ ಇಂಚು, ಸೆಂಟು ಬರೆದಿಡುತ್ತಿದ್ದ ಪುಸ್ತಕ ಇದೆಯಲ್ಲ, ಹಾಗೆ ಇದಕ್ಕೂ ಒಂದು ನೋಟ್‌ಬುಕ್ ಇಡು: ಯಾವಾಗ ಬಿತ್ತು, ಯಾವಾಗ ಎದ್ದಿತು, ಏಕೆ.

ಎಚ್ಚರಿಕೆ ಕರೆಯ ನಂಬರನ್ನು ಫೋನಿನಲ್ಲಿ ಸೇವ್ ಮಾಡಿ ಸ್ಟಾರ್ ಹಾಕು, ‘ಡು ನಾಟ್ ಡಿಸ್ಟರ್ಬ್’ ಇದ್ದರೂ ಅದೊಂದು ಮೊಳಗುವ ಹಾಗೆ. ನಿಮ್ಮ ಮನೆಯಲ್ಲಿ ಸಿಗ್ನಲ್ ಸಿಗುವುದು ಜಗಲಿಯ ಆ ಮೂಲೆಯಲ್ಲಿ ಮಾತ್ರ, ಅದಕ್ಕೇ ವೈಫೈ ಕಾಲಿಂಗ್ ಆನ್ ಇರಲಿ, ರೂಟರಿಗೊಂದು ಚಿಕ್ಕ ಯುಪಿಎಸ್ ಇರಲಿ. ಹತ್ತು ನಿಮಿಷ ನೀನು ಎತ್ತದಿದ್ದರೆ ಎರಡನೇ ನಂಬರಿಗೆ ಹೋಗುವ ಹಾಗೆ ಮಾಡಿಸಿ, ಅಲ್ಲಿ ನನ್ನ ನಂಬರ್ ಹಾಕು. ಹಾಸನದಲ್ಲಿ ಸಿಗ್ನಲ್ ಚೆನ್ನಾಗಿದೆ, ನನಗೆ ಈಗ ಹೇಗೂ ನಿದ್ದೆ ಕಡಿಮೆ.

ಮಂಗಳವಾರ ರಾತ್ರಿ ಒಂಬತ್ತಕ್ಕೆ ಮಾನಿಟರ್ ಹುಡುಕುವ ಪದವನ್ನು ಬೇಕೆಂದೇ ತಪ್ಪಾಗಿ ಬರೆದಿಡು. ಮೊದಲು ನಿನ್ನ ಫೋನ್ ಮೊಳಗಲಿ, ಎತ್ತಬೇಡ. ಹತ್ತು ನಿಮಿಷದ ಮೇಲೆ ನನಗೆ ಬರುತ್ತದೋ ಇಲ್ಲವೋ ನೋಡೋಣ, ನಾನು ಕಾದಿರುತ್ತೇನೆ. ಆಮೇಲೆ ಪದವನ್ನು ಸರಿಮಾಡಲು ಮರೆಯಬೇಡ.

ಇತಿ,
ನಿನ್ನ ದೊಡ್ಡಪ್ಪ