ಗೊರಕೆಯ ಬಗ್ಗೆ ಕೇಳಿದ ಡಾಕ್ಟರಿಗೆ

ಆಪರೇಷನ್ ಆಗಿ 12 ದಿನ ಆಯಿತು. ನಿನ್ನೆ ಹೊಲಿಗೆ ಬಿಚ್ಚಿದರು. ಫೋನ್ ಮಾಡಿ ವಿಚಾರಿಸಿದ ನಿಮಗೆಲ್ಲ ತುಂಬಾ ಧನ್ಯವಾದ. ಚೆನ್ನಾಗಿದ್ದೇನೆ. ಹೇಗೆ ಚೆನ್ನಾಗಿದ್ದೇನೆ ಅನ್ನುವುದನ್ನೂ ಹೇಳಬೇಕು.

ಹೊಕ್ಕುಳಿನ ಹರ್ನಿಯಾ ಅಷ್ಟೇ, ಎರಡು ದಿನಕ್ಕೆ ಮನೆಗೆ ಬರಬಹುದು ಅಂದುಕೊಂಡಿದ್ದೆ. ನನ್ನ ತೂಕ 124 ಕೆಜಿ. ಅರಿವಳಿಕೆ ಡಾಕ್ಟರ್ ಅದಕ್ಕೆ ಒಂದು ಮಾತೂ ಬೈಯಲಿಲ್ಲ. ಟೇಪ್ ಹಿಡಿದು ಕುತ್ತಿಗೆ ಅಳೆದರು, 46 ಸೆಂಟಿಮೀಟರ್. ಆಮೇಲೆ ನನ್ನ ಹೆಂಡತಿಯ ಕಡೆ ತಿರುಗಿದರು. "ಗೊರಕೆ ಹೊಡೀತಾ ಉಸಿರು ನಿಂತುಹೋಗೋದನ್ನ ನೋಡಿದ್ದೀರಾಮ್ಮಾ?"

"ದಿನಾ ನಿಲ್ಲುತ್ತೆ ಡಾಕ್ಟ್ರೇ. ನಾನು ಎಣಿಸ್ತಾ ಮಲಗಿರ್ತೀನಿ. ಇಪ್ಪತ್ತಾದ್ರೂ ಬರ್ಲಿಲ್ಲ ಅಂದ್ರೆ ಭುಜ ಅಲ್ಲಾಡಿಸ್ತೀನಿ."

ನನಗೆ ಇದು ಗೊತ್ತೇ ಇರಲಿಲ್ಲ.

ರಕ್ತದ ರಿಪೋರ್ಟಿನಲ್ಲಿ ಬೈಕಾರ್ಬೊನೇಟ್ 31 ಇತ್ತು. ಕಾರ್ಬನ್ ಡೈಆಕ್ಸೈಡ್ ಉಸಿರಿನಲ್ಲಿ ಸರಿಯಾಗಿ ಹೊರಹೋಗದಿದ್ದರೆ ರಕ್ತದಲ್ಲಿ ಹೆಚ್ಚುವ ಲವಣವಂತೆ ಅದು. 27ಕ್ಕೆ ಬಂದರೇ ಅನುಮಾನ ಪಡಬೇಕಂತೆ. ಮಣಿಕಟ್ಟಿನಿಂದ ರಕ್ತ ತೆಗೆದು ನೋಡಿದರೆ ಕಾರ್ಬನ್ ಡೈಆಕ್ಸೈಡ್ 54. ಇರಬೇಕಾದದ್ದು 35ರಿಂದ 45. ಮೈಭಾರಕ್ಕೆ ಶ್ವಾಸಕೋಶ ಪೂರ್ತಿ ಅರಳುತ್ತಿಲ್ಲ, ಎಚ್ಚರವಿದ್ದಾಗಲೂ ಉಸಿರಾಟ ಸಾಲುತ್ತಿಲ್ಲ, ದೇಹ ಸುಮ್ನೆ ಅದಕ್ಕೆ ಒಗ್ಗಿಕೊಂಡಿದೆ ಅಂದರು. ಇದರ ಮೇಲೆ ಅರಿವಳಿಕೆ, ಜೋರಾದ ನೋವಿನ ಇಂಜೆಕ್ಷನ್ ಬಿದ್ದರೆ ಉಸಿರು ಇನ್ನೂ ಕುಗ್ಗುತ್ತದೆ, ಅಲ್ವಾ? ಆಪರೇಷನ್ ಆರು ವಾರ ಮುಂದೆ ಹೋಯಿತು. ಅವತ್ತು ನನಗೆ ಸಿಟ್ಟು ಬಂದಿತ್ತು. ಡಾಕ್ಟ್ರೇ, ಅದಕ್ಕೆ ಕ್ಷಮೆ ಇರಲಿ.

ನಿದ್ದೆಯ ಪರೀಕ್ಷೆ ಆಯಿತು. ದಿನಾ ರಾತ್ರಿ ಬೈಪ್ಯಾಪ್, ಅಂದರೆ ಗಾಳಿಯನ್ನು ಒತ್ತಿ ಉಸಿರಿಗೆ ನೆರವಾಗುವ ಮೆಷಿನ್ನಿನ ಮಾಸ್ಕ್ ಹಾಕಿ ಮಲಗಿದೆ. ಮೊದಲ ವಾರ ಕಷ್ಟವಾಯಿತು. ಮೂಗಿನ ಮೇಲೆ ಗಾಯ, ಬಾಯೆಲ್ಲ ಒಣಗುತ್ತಿತ್ತು. ಮಾಸ್ಕಿನ ಅಳತೆ ಬದಲಾಯಿಸಿ, ಪಟ್ಟಿ ಸಡಿಲ ಮಾಡಿ, ಮೂರು ಸಲ ತಾಳ್ಮೆಯಿಂದ ಹೇಳಿಕೊಟ್ಟ ಟೆಕ್ನಿಷಿಯನ್ ಹುಡುಗಿಯನ್ನು ಮರೆಯಲಾರೆ. ಆರು ವಾರಕ್ಕೆ ಕಾರ್ಬನ್ ಡೈಆಕ್ಸೈಡ್ 54 ಇದ್ದದ್ದು 46ಕ್ಕೆ ಇಳಿಯಿತು. ಬೆಳಗಿನ ತಲೆನೋವು ಹೋಯಿತು.

ಆಪರೇಷನ್ ದಿನ ತಲೆ, ಭುಜದ ಕೆಳಗೆ ದಿಂಬುಗಳನ್ನು ಪೇರಿಸಿದರು. ಕಿವಿಯ ತೂತು ಎದೆಮೂಳೆಯ ಮೇಲ್ತುದಿಯ ಮಟ್ಟಕ್ಕೆ ಬರುವವರೆಗೂ ಸರಿಮಾಡಿದರು. ಹಾಗೆ ಮಲಗಿದರೆ ಉಸಿರಾಟವೂ ಹಗುರ, ಗಂಟಲಿಗೆ ಟ್ಯೂಬ್ ಹಾಕುವುದೂ ಸುಲಭವಂತೆ. ನೋವಿಗೆ ಹೊಟ್ಟೆಯ ಪಕ್ಕದ ನರಗಳನ್ನೇ ಮರಗಟ್ಟಿಸಿದರು, ಜೊತೆಗೆ ಪ್ಯಾರಾಸಿಟಮಾಲ್. ಪೂರ್ತಿ ಎಚ್ಚರವಾಗಿ, ಹೇಳಿದ ಮಾತಿಗೆ ಕಣ್ಣು ಬಿಟ್ಟ ಮೇಲೇ ಟ್ಯೂಬ್ ತೆಗೆದರು.

ಆ ರಾತ್ರಿಯ ನರ್ಸ್ ಅಕ್ಕನಿಗೆ ಹೇಗೆ ಧನ್ಯವಾದ ಹೇಳಲಿ? ನಿದ್ದೆಯಲ್ಲಿ ಮಾಸ್ಕ್ ಕಿತ್ತುಹಾಕಿದ್ದೆ. ಬೆರಳಿನ ಮೀಟರ್ ರಕ್ತದ ಆಮ್ಲಜನಕ 84 ಅಂತ ತೋರಿಸಿದಾಗ ಓಡಿಬಂದರು. ಮಂಚದ ತಲೆಭಾಗ ಎತ್ತಿ ಮಾಸ್ಕ್ ಕೂರಿಸಿದರು. 95 ಆಗುವವರೆಗೂ ನನ್ನ ಗಲ್ಲ ಹಿಡಿದು ನಿಂತೇ ಇದ್ದರು. ಅವರ ಕೈ ತಣ್ಣಗಿತ್ತು. ಅದೊಂದು ಚೆನ್ನಾಗಿ ನೆನಪಿದೆ.

ಕೊನೆಗೆ ನನ್ನ ಹೆಂಡತಿಗೆ. ಎಷ್ಟೋ ವರ್ಷ ಕತ್ತಲಲ್ಲಿ ಒಬ್ಬಳೇ ಎಣಿಸಿದ್ದೀಯ. ನಿನ್ನೆ ರಾತ್ರಿ ನನಗೆ ನಡುವೆ ಎಚ್ಚರವಾಯಿತು. ಮೆಷಿನ್ ಸದ್ದು ಮಾಡುತ್ತಿತ್ತು. ನೀನು ಆ ಕಡೆ ತಿರುಗಿ ಗಾಢ ನಿದ್ದೆಯಲ್ಲಿದ್ದೆ.