ಸಂಜೆಮಲ್ಲಿಗೆ ಎಲ್ಲಿಗೂ ಹೋಗಿರಲಿಲ್ಲ

ಸಂಪಾದಕರೇ,

ಕಳೆದ ವಾರದ ಪುರವಣಿಯಲ್ಲಿ ಹಳೇ ಕಾಲದ ಹೂಗಿಡಗಳು ಮತ್ತೆ ಫ್ಯಾಷನ್ ಆಗಿವೆ ಅಂತ ಅರ್ಧ ಪುಟ ಹಾಕಿದ್ದೀರಿ. ಓದಿ ಖುಷಿಯಾಯಿತು, ಸ್ವಲ್ಪ ನಗುವೂ ಬಂತು. ಸಂಜೆಮಲ್ಲಿಗೆ 'ವಾಪಸ್ ಬಂದಿದೆ' ಅಂತ ಬರೆದಿದ್ದೀರಲ್ಲ, ಅದು ಹೋಗಿದ್ದಾದರೂ ಯಾವಾಗ? ನಮ್ಮ ಹಿತ್ತಲಲ್ಲಿ ಕಿತ್ತಷ್ಟೂ ಬರುತ್ತಿದೆ. ಮಣ್ಣಿನೊಳಗೆ ದಪ್ಪ ಗೆಡ್ಡೆ ಕೂತಿರುತ್ತದೆ, ಮೇಲಿನದನ್ನು ಕಿತ್ತು ಎಸೆದರೆ ಅದಕ್ಕೆ ಕ್ಯಾರೇ ಇಲ್ಲ.

ಹಾಗಂತ ತಾತ್ಸಾರ ಮಾಡುವ ಗಿಡವಲ್ಲ ಅದು. 1909ರಲ್ಲಿ ಕಾರ್ಲ್ ಕೊರೆನ್ಸ್ ಅನ್ನುವ ಜರ್ಮನ್ ವಿಜ್ಞಾನಿ ಇದೇ ಗಿಡದ ಬಿಳಿ-ಹಸಿರು ಮಚ್ಚೆಯ ಎಲೆಗಳನ್ನು ಇಟ್ಟುಕೊಂಡು, ಪರಾಗ ಎಲ್ಲಿಂದಲೇ ಬರಲಿ, ಎಲೆಯ ಆ ಬಣ್ಣ ತಾಯಿಯ ಕಡೆಯಿಂದ ಮಾತ್ರ ಬರುತ್ತದೆ ಅಂತ ತೋರಿಸಿದ. ಬೇಲಿ ಪಕ್ಕದ ಗಿಡ ಪಾಠದ ಪುಸ್ತಕ ಸೇರಿತು.

ಸ್ನೇಕ್ ಪ್ಲಾಂಟ್ ಕತೆ ಇನ್ನೂ ಮಜಾ. ನಾನು ಚಿಕ್ಕವನಿದ್ದಾಗ ಅದಕ್ಕೆ ಯಾರೂ ನೀರು ಹಾಕುತ್ತಿರಲಿಲ್ಲ, ಕಾಂಪೌಂಡ್ ಮೂಲೆಯಲ್ಲಿ ಅದರ ಪಾಡಿಗೆ ಅದಿತ್ತು. ಈಗ ಬಿಳಿ ಕುಂಡದಲ್ಲಿ ಸೋಫಾ ಪಕ್ಕ ನಿಂತಿದೆ. ಗಿಡ ಮಾತ್ರ ಅದೇ, ಬದಲಾಗಿದ್ದು ನಾವು, ಅಲ್ವಾ?

ನನ್ನ ತಕರಾರು ಬೇರೆಯೇ ಇದೆ. ಫ್ಯಾಷನ್ ಹೋದಾಗ ಎಲ್ಲ ಗಿಡವೂ ಸಂಜೆಮಲ್ಲಿಗೆಯ ಹಾಗೆ ಹಟ ಹಿಡಿದು ಉಳಿಯುವುದಿಲ್ಲ. ಡೇಲಿಯಾ ನೋಡಿ, ಕೆಲವರು ಡೇರೆ ಹೂ ಅಂತಾರೆ. 1789ರಲ್ಲಿ ಮೆಕ್ಸಿಕೊದಿಂದ ಮ್ಯಾಡ್ರಿಡ್‌ನ ಸಸ್ಯೋದ್ಯಾನಕ್ಕೆ ಬೀಜ ಹೋಯಿತು, ಮುಂದೆ ಯುರೋಪಿನ ಜನ ಅದಕ್ಕೆ ಮರುಳಾಗಿ ತಟ್ಟೆಯಷ್ಟು ದೊಡ್ಡದು, ಚೆಂಡಿನಷ್ಟು ದುಂಡನೆಯದು ಅಂತ ಸಾವಿರಾರು ತಳಿ ಮಾಡಿದರು. ಆದರೆ ಅದರ ಬೀಜ ಹಾಕಿದರೆ ತಾಯಿಯಂಥದ್ದೇ ಹೂ ಬರುವುದಿಲ್ಲ. ಏನೋ ಒಂದು ಬರುತ್ತದೆ. ಅದೇ ಹೂ ಬೇಕು ಅಂದರೆ ಗೆಡ್ಡೆ ಕಾಪಾಡಬೇಕು, ಇಲ್ಲ ಕುಡಿ ಕತ್ತರಿಸಿ ನೆಡಬೇಕು. ನಾಲ್ಕು ವರ್ಷ ಯಾರೂ ಅದನ್ನು ಮಾಡಲಿಲ್ಲ ಅಂದರೆ ಆ ತಳಿ ಮುಗಿಯಿತು, ಆಮೇಲೆ ಯಾವ ಪುರವಣಿ ಬರೆದರೂ ವಾಪಸ್ ಬರುವುದಿಲ್ಲ.

ನಾನೇ ಆ ತಪ್ಪು ಮಾಡಿದ್ದೇನೆ. ಅಮ್ಮ ಬೆಳೆಸಿದ್ದ ಒಂದು ಡೇಲಿಯಾ ಇತ್ತು, ಕಪ್ಪು ಅನ್ನುವಷ್ಟು ಗಾಢ ಕೆಂಪು. ಅಂಗಳಕ್ಕೆ ಟೈಲ್ಸ್ ಹಾಕಿಸುವಾಗ ಗೆಡ್ಡೆಗಳನ್ನು ಮಣ್ಣಿನ ಜೊತೆ ಸುಮ್ನೆ ಹೊರಗೆ ಸಾಗಿಸಿಬಿಟ್ಟೆ. ಡೇಲಿಯಾ ಯಾರಿಗೆ ಬೇಕು ಈಗ ಅನ್ನಿಸಿತ್ತು. ಇವತ್ತಿಗೂ ಆ ಬಣ್ಣ ಹುಡುಕುತ್ತಿದ್ದೇನೆ. ಹತ್ತಿರದ್ದು ಸಿಕ್ಕಿದೆ, ಅದು ಸಿಕ್ಕಿಲ್ಲ.

ಹಾಗಾಗಿ ಒಂದು ಕೋರಿಕೆ. ಯಾವುದು ಬೀಜದಿಂದ ಉಳಿಯುತ್ತದೆ, ಯಾವುದು ಗೆಡ್ಡೆ ಅಥವಾ ಕಡ್ಡಿಯಿಂದ ಮಾತ್ರ ಅಂತಲೂ ಬರೆಯಿರಿ. ಕರ್ಣಕುಂಡಲದ ಬೀಜ ಹಿಡಿಯುವುದು ಹೇಗೆ ಅಂತ ಹೊಸಬರಿಗೆ ಗೊತ್ತಿರುವುದಿಲ್ಲ. ಕಾಯಿ ಉಬ್ಬಿ ಹಳದಿಗೆ ತಿರುಗಿದಾಗ ಬೆರಳು ತಾಗಿದರೆ ಸಾಕು, ಟಪ್ ಅಂತ ಸಿಡಿದು ಸಿಪ್ಪೆ ಸುರುಳಿಯಾಗುತ್ತದೆ, ಬೀಜ ಎಲ್ಲೋ ಹಾರಿಹೋಗುತ್ತದೆ. ಮೊದಲು ಕಾಯಿಯನ್ನು ಮುಷ್ಟಿಯೊಳಗೆ ಮುಚ್ಚಿಕೊಳ್ಳಬೇಕು, ಆಮೇಲೆ ಒತ್ತಬೇಕು. ಇಂಥದ್ದನ್ನು ನಾಲ್ಕು ಸಾಲು ಹಾಕಿ. ಅದಕ್ಕಾಗಿ ಸೋಫಾ ಪಕ್ಕದ ಕುಂಡದ ಫೋಟೊ ಒಂದು ಕಡಿಮೆಯಾದರೂ ಪರವಾಗಿಲ್ಲ.

ಇಂತಿ,
ನಿಮ್ಮ ಹಳೇ ಓದುಗ